ಒಂಟಿ ಗಾಲಿಯೂ ಕಿಟಕಿ ಲೇತೂ

"ಇನ್ನಿಪ್ಪತ್ತೊಂದು ದಿನಕ್ಕೆ ನಾನು ಒಂದೇ ಚಕ್ರದ ಮೇಲೆ ಕೂತು, ರೈಲ್ವೆ ಗೇಟ್ ಮುಟ್ಟಿ ವಾಪಸ್ ಬರ್ನಿಲ್ಲ ಅಂದ್ರೆ, ಈ ಕಿಟಕಿ ಲೇತು ನಿಂದು ಕಣ್ಲಾ ಸಾದಿಕ್!"

ಚನ್ನಪಟ್ಟಣದ ಕಲಾನಗರದ ಗೊಂಬೆ ಶೆಡ್ಡಿನಲ್ಲಿ ಮುನಿಕೃಷ್ಣ ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ ಅಲ್ಲಿ ಮರ ಕಡೆಯುವ ಮೂರು ಲೇತುಗಳೂ ಒಮ್ಮೆಗೇ ಸ್ತಬ್ಧವಾದವು. ಅದೇ ಗಳಿಗೆಗೆ ಕರೆಂಟು ಹೋಗಿತ್ತು ಅನ್ನುವುದು ಬೇರೆ ಮಾತು. ಮುನಿಕೃಷ್ಣ ಮಾತ್ರ ತನ್ನ ಮಾತಿನ ತೂಕಕ್ಕೇ ಯಂತ್ರಗಳು ತಲೆಬಾಗಿದವು ಎಂದು ತಿಳಿದು ಮೀಸೆ ತಿರುವಿದ. ವಯಸ್ಸು ಐವತ್ತೆರಡು, ತೂಕ ಎಪ್ಪತ್ತೆಂಟು ಕೆಜಿ, ಒಂಟಿ ಚಕ್ರದ ಅನುಭವ ಸೊನ್ನೆ!

ಈ ಪಣದ ಬೆಲೆ ತಿಳಿಯಬೇಕಾದರೆ ಶೆಡ್ಡಿನ ಭೂಗೋಳ ತಿಳಿಯಬೇಕು. ಲೇತು ಮೂರು, ಕಿಟಕಿ ಒಂದು. ಕಿಟಕಿಯ ಪಕ್ಕದ ಲೇತು ಮುನಿಕೃಷ್ಣನಿಗೆ ಅವನಪ್ಪನಿಂದ ಬಂದ ಸಿಂಹಾಸನ. ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೇ ಬೀಳುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಹಳದಿ ಹಳದಿಯಾಗಿ, ಕಿತ್ತಳೆ ಕಿತ್ತಳೆಯಾಗಿ ಕಾಣುವುದು ಅಲ್ಲಿ ಮಾತ್ರ. ನಡುವಿನ ಲೇತು ಗೆಳೆಯ ಸಾದಿಕ್‌ನದು, ಅಲ್ಲಿಗೆ ಅರ್ಧ ಬೆಳಕು. ಹಿಂದಿನ ಮೂಲೆಯ ಲೇತು ಮುನಿಕೃಷ್ಣನ ಹೆಂಡತಿ ವರಲಕ್ಷ್ಮಮ್ಮನದು. ಅಲ್ಲಿಗೊಂದು ಟ್ಯೂಬ್‌ಲೈಟು. ಅದೂ ಮನಸ್ಸು ಬಂದರೆ ಉರಿಯುತ್ತದೆ, ಇಲ್ಲದಿದ್ದರೆ ಕಣ್ಣು ಹೊಡೆಯುತ್ತದೆ. ಇಪ್ಪತ್ತಾರು ವರ್ಷಗಳಿಂದ ಗೊಂಬೆಗಳಿಗೆ ಉಪ್ಪುಕಾಗದ ಉಜ್ಜುವುದು, ಕೇದಗೆ ಗರಿ ಹಿಡಿದು ಹೊಳಪು ತರುವುದು, ಮಣಿ ಕಡೆಯುವುದು ಎಲ್ಲ ಆಕೆ ಆ ಕತ್ತಲಲ್ಲೇ ಮಾಡಿಕೊಂಡು ಬಂದಿದ್ದಳು.

"ಏನ್ರೀ, ಒಂದಿನನಾದ್ರೂ ನನ್ನ ಆ ಕಿಟಕಿ ತಾವ ಕೂರ್ಸಿ. ಇಲ್ಲಿ ಹಳದಿ ಯಾವ್ದು, ಕಿತ್ಲೆ ಯಾವ್ದು ಗೊತ್ತಾಗಕ್ಕಿಲ್ಲ" ಎಂದು ಆಕೆ ಆಗಾಗ ಅರ್ಜಿ ಹಾಕುತ್ತಿದ್ದಳು.

"ಹಿಂದಿನ ಕೆಲ್ಸಕ್ಕೆ ಬೆಳಕ್ಯಾಕೆ?" ಎಂದು ಸಿಂಹಾಸನದಿಂದ ತೀರ್ಪು ಬರುತ್ತಿತ್ತು. ಅರ್ಜಿ ವಜಾ!

ಇಷ್ಟಕ್ಕೂ ಈ ಒಂಟಿ ಚಕ್ರದ ಹುಚ್ಚು ಹತ್ತಿದ್ದು ಹೇಗೆ? ಸಾದಿಕ್‌ನ ಮಗಳು ಸಾನಾ ಬಿ.ಕಾಂ. ಮುಗಿಸಿ ಶೆಡ್ಡಿನ ಗೊಂಬೆಗಳನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಆಕೆಗೆ ಪುಣೆಯ ಒಂದು ಕಂಪನಿಯಿಂದ ಆರ್ಡರು ಬಂತು. ಮಕ್ಕಳಿಗೆ ಸೈಕಲ್ಲಿನ ಇತಿಹಾಸ ಹೇಳುವ ಐದು ಮರದ ಗೊಂಬೆಗಳು ಬೇಕು, ಅದರಲ್ಲಿ ಮುಖ್ಯವಾದದ್ದು ಒಂಟಿ ಚಕ್ರದ ಸವಾರ. ಸಾನಾ ಮೊಬೈಲು ನೋಡಿಕೊಂಡು ಪಾಠ ಶುರು ಮಾಡಿದಳು.

"ಮೊದ್ಲು ಪೆಡಲ್ಲೇ ಇರ್ಲಿಲ್ವಂತೆ ಅಂಕಲ್. ಎರಡು ಮರದ ಚಕ್ರ, ನಡುವೆ ಒಂದು ದಿಮ್ಮಿ. ಅದ್ರ ಮೇಲೆ ಕೂತ್ಕೊಂಡು ಕಾಲಲ್ಲಿ ನೆಲ ಒದ್ಕೊಂಡು ಹೋಗೋದು."

"ಮರದ್ದಾ? ಹಂಗಾರೆ ನಮ್ಮ ಚನ್ನಪಟ್ಟಣದೋರೇ ಯಾರೋ ಹೋಗಿ ಮಾಡ್ಕೊಟ್ಟಿರ್ಬೇಕು" ಎಂದ ಮುನಿಕೃಷ್ಣ.

"ಆಮೇಲೆ ಮುಂದಿನ ಚಕ್ರ ಆಳೆತ್ತರ ಆಯ್ತು, ಹಿಂದಿಂದು ಊಟದ ತಟ್ಟೆ ಗಾತ್ರಕ್ಕೆ ಇಳೀತು. ಪೆಡಲ್ಲು ಮುಂದಿನ ಚಕ್ರಕ್ಕೇ. ಇಳಿಜಾರಲ್ಲಿ ಒಸಿ ತಡೆದ್ರೆ ಸಾಕು, ಹಿಂದಿನ ಚಕ್ರ ಗಾಳಿಗೆ ಏಳ್ತಿತ್ತಂತೆ. ಆಗ ಯಾರೋ ಒಬ್ಬ, ಯಾರು ಅಂತ ಸರಿಯಾಗಿ ಯಾರ್ಗೂ ಗೊತ್ತಿಲ್ಲ, 'ಇದು ಗಾಳೀಲಿದ್ರೂ ಗಾಡಿ ಹೋಗ್ತಾ ಐತಲ್ಲ, ಮತ್ಯಾಕೆ ಇದು ದಂಡ?' ಅಂತ ಬಿಚ್ಚಿ ಎಸೆದ. ಒಂಟಿ ಚಕ್ರ ಹುಟ್ಕೊಂತು!"

"ಬಲೇ ಭೂಪ!"

"ಸರ್ಕಸ್‌ನೋರು ಅದನ್ನ ಎತ್ಕೊಂಡ್ರು. ಸೀಟನ್ನ ಮಹಡಿ ಎತ್ರಕ್ಕೆ ಏರ್ಸಿ, ಚೈನು ಹಾಕಿ, ಜಿರಾಫೆ ಅಂತ ಹೆಸ್ರಿಟ್ರು. ಈಗ ಬ್ಯಾಟರಿದು ಬಂದೈತೆ, ತಾನೇ ನೆಟ್ಟಗೆ ನಿಲ್ತದೆ. ಬೆಟ್ಟ ಇಳಿಯೋ ದಪ್ಪ ಟೈರಿಂದು ಇನ್ನೊಂದೈತೆ. ಅದನ್ನ ಚಿಕ್ಕದಾಗಿ ಏನಂತ ಕರೀತಾರೆ ಗೊತ್ತಾ ಅಂಕಲ್? 'ಮುನಿ' ಅಂತ!"

ಮುನಿಕೃಷ್ಣನ ಮೈ ಜುಮ್ಮೆಂದಿತು. ಸಮುದ್ರದಾಚೆಯ ಜನ ಬೆಟ್ಟದ ಮೇಲೆ ತನ್ನ ಹೆಸರಿನ ಗಾಡಿ ಓಡಿಸುತ್ತಿದ್ದಾರೆ! ಇದು ದೈವಸಂಕಲ್ಪವಲ್ಲದೆ ಮತ್ತೇನು? ಅಂದೇ ಕೂತು ಒಂಟಿ ಚಕ್ರದ ಸವಾರನ ಗೊಂಬೆ ಕಡೆದ. ಗೊಂಬೆ ಚೆನ್ನಾಗಿಯೇ ಬಂತು, ಆದರೆ ನೆಲದ ಮೇಲೆ ಬಿಟ್ಟಾಗಲೆಲ್ಲ ಮಗ್ಗುಲಿಗೆ ಬಿದ್ದು ಮಲಗಿತು.

ಸಾದಿಕ್ ಬೀಡಿ ಆರಿಸಿ ನಕ್ಕ. "ಗೊಂಬೆಗೆ ಗೊತ್ತೈತೆ, ನಿಂಗೆ ಗೊತ್ತಿಲ್ಲ ನೋಡು. ಒಂದು ಚಕ್ರದ ಮ್ಯಾಲೆ ಮನ್ಸ ಕೂರಕ್ಕಾಯ್ತದೇನ್ಲಾ? ಸರ್ಕಸ್‌ನಾಗೆ ಮ್ಯಾಗಿಂದ ದಾರ ಕಟ್ಟಿರ್ತಾರೆ."

"ನಾನು ಕೂತು ತೋರುಸ್ತೀನಿ!"

"ನೀನು ಎಮ್ಮೆ ಮ್ಯಾಲೇ ಕೂರಕ್ಕಾಗ್ದೆ ಬಿದ್ದೋನು."

ಆಗ ಹೊರಬಿದ್ದದ್ದೇ ಆರಂಭದಲ್ಲಿ ಹೇಳಿದ ಭೀಷ್ಮ ಪ್ರತಿಜ್ಞೆ. ಮುನಿಕೃಷ್ಣ ಸೋತರೆ ಕಿಟಕಿ ಲೇತು ಸಾದಿಕ್‌ಗೆ. ಗೆದ್ದರೆ ಸಾದಿಕ್ ಊರವರ ಎದುರು ಅವನನ್ನು 'ಉಸ್ತಾದ್' ಎಂದು ಕರೆಯಬೇಕು, ಜನ್ಮದಲ್ಲಿ ಕಿಟಕಿಯ ಹೆಸರು ಎತ್ತಬಾರದು. ಶೆಡ್ಡಿನಿಂದ ಗೇಟಿಗೆ ಮುಕ್ಕಾಲು ಕಿಲೋಮೀಟರು. ಹೋಗಿ ಬರುವ ತನಕ ಕಾಲು ನೆಲಕ್ಕೆ ತಾಗಿದರೆ ಸೋಲು. ತೀರ್ಪುಗಾರ ಗೇಟಿನ ಪಕ್ಕದ ಟೀ ಅಂಗಡಿಯ ಬೋರಲಿಂಗಯ್ಯ. ಯಾಕೆಂದರೆ ಆತ ಇಬ್ಬರಿಗೂ ಸಮನಾಗಿ ನೀರು ಟೀ ಕೊಡುವ ನಿಷ್ಪಕ್ಷಪಾತಿ!

ಮೂಲೆಯಿಂದ ವರಲಕ್ಷ್ಮಮ್ಮನ ದನಿ ಬಂತು. "ಕಿಟಕಿ ತಾವ ನಾನು ಕೂರ್ತೀನಿ ಅಂದ್ರೆ ಆಗಾಕಿಲ್ಲ. ಪಣಕ್ಕೆ ಇಡಾಕೆ ಆಯ್ತದಾ?"

"ಗೆಲ್ಲೋ ಪಣಕ್ಕೆ ಯಾಕೆ ಹೆದ್ರಿಕೆ?" ಎಂದ ವೀರ.

ಅಟ್ಟದ ಮೇಲೆ ವರಲಕ್ಷ್ಮಮ್ಮನ ತವರಾದ ಕೂಟಗಲ್‌ನಿಂದ ಮದುವೆಯಲ್ಲಿ ಬಂದ ಸೈಕಲ್ಲು ಧೂಳು ಹಿಡಿದು ಮಲಗಿತ್ತು. ಮರುದಿನ ಬೆಳಗ್ಗೆ ಅದರ ಅಂಗಾಂಗಗಳು ಅಂಗಳದಲ್ಲಿ ಹರಡಿದ್ದವು.

"ಅಯ್ಯೋ, ಅದು ನಮ್ಮಪ್ಪ ಕೊಟ್ಟ ಸೈಕಲ್ಲು ಕಣ್ರೀ!"

"ನಿಮ್ಮಪ್ಪ ಕೊಟ್ಟಿದ್ದು ಎರಡು ಚಕ್ರ. ನಾನು ತಕ್ಕೊಂಡಿರೋದು ಒಂದೇ. ಹಿಂದಿನ ಚಕ್ರ ದಂಡ ಅಂತ ಇತಿಹಾಸವೇ ಹೇಳೈತೆ, ಅದನ್ನ ನೀನೇ ಮಡೀಕೊ!"

ವರಲಕ್ಷ್ಮಮ್ಮ ಹಿಂದಿನ ಚಕ್ರವನ್ನು ಎತ್ತಿಕೊಂಡು ಹೋಗಿ ತನ್ನ ಮೂಲೆಯ ಮೊಳೆಗೆ ತಗುಲಿ ಹಾಕಿದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡಸಿಗೆ ಅದರ ಅರ್ಥ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಯುರೋಪು ನೂರು ವರ್ಷ ತೆಗೆದುಕೊಂಡ ವಿಕಾಸವನ್ನು ಮುನಿಕೃಷ್ಣ ಮೂರು ವಾರದಲ್ಲಿ ಮುಗಿಸಿದ. ಪೆಡಲ್ಲುಗಳನ್ನು ಗ್ಯಾರೇಜಿನಲ್ಲಿ ಅಚ್ಚಿಗೇ ವೆಲ್ಡಿಂಗ್ ಮಾಡಿಸಿದ. ಚಕ್ರವನ್ನು ಎರಡೂ ಕಡೆ ಹಿಡಿಯುವ ಕಬ್ಬಿಣದ ಕವೆ ತೆಗೆದು ಹಾಲೆಮರದ ಕವೆ ಕಡೆದ. ಅದರ ಎರಡು ಕಾಲಿನಲ್ಲೂ ತೂತು ಕೊರೆದು ಗಾಲಿಯ ಅಚ್ಚನ್ನು ಕೂರಿಸಿದ. ಮೊದಲ ಅವತಾರದಲ್ಲಿ ಕವೆ ಮುರಿಯಿತು. ಎರಡನೆಯದು ಜಿರಾಫೆ ಯುಗ. ಸೀಟು ಎಷ್ಟು ಎತ್ತರವಾಯಿತೆಂದರೆ ಹತ್ತಿದವನು ಬಟ್ಟೆ ಒಣಹಾಕುವ ತಂತಿಗೆ ಕತ್ತು ಸಿಕ್ಕಿಸಿಕೊಂಡು, ಪಕ್ಕದ ಮನೆಯವರ ಒದ್ದೆ ಸೀರೆ ಸುತ್ತಿಕೊಂಡು ಇಳಿದ. ಮೂರನೆಯದು ಸರಿಬಂತು, ಬೀಳುವುದು ಮಾತ್ರ ನಿಲ್ಲಲಿಲ್ಲ. ಗೋಡೆ ಹಿಡಿದು ಬಿದ್ದ, ಬೇವಿನ ಮರ ಹಿಡಿದು ಬಿದ್ದ, ಏನೂ ಹಿಡಿಯದೆ ಬಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ವೀರನೂ "ಈ ರೋಡ್ ಹಾಕಿದೋನು ಯಾವನ್ಲಾ?" ಎಂದು ಗುತ್ತಿಗೆದಾರನನ್ನು ಬೈದ. ಪುಣ್ಯಕ್ಕೆ ಶೆಡ್ಡಿನ ಮುಂದೆ ಮರದ ಹೊಟ್ಟಿನ ದೊಡ್ಡ ರಾಶಿಯಿತ್ತು. ಆ ರಾಶಿಯಲ್ಲಿ ಎಷ್ಟು ಸಲ ಮುಳುಗಿ ಎದ್ದನೋ, ಮನೆಯಲ್ಲಿ ಮುದ್ದೆ ಮುರಿದರೆ ಅದರಲ್ಲೂ ಹೊಟ್ಟು ಉದುರುತ್ತಿತ್ತು!

ಆದರೆ ಹದಿನೇಳನೇ ದಿನ ಒಂದು ಪವಾಡ ನಡೆಯಿತು. ಶೆಡ್ಡಿನಿಂದ ಹೊರಟವನು ಬೀಳಲಿಲ್ಲ! ಬೀದಿಯ ತುದಿ ಬಂತು, ಬೀಳಲಿಲ್ಲ! ತಿರುಗಿದ, ವಾಪಸ್ ಬಂದ, ಆಗಲೂ ಬೀಳಲಿಲ್ಲ! ಸಾದಿಕ್ ಲೇತು ನಿಲ್ಲಿಸಿ ಬಾಯಿ ತೆರೆದು ನಿಂತ. ಮುನಿಕೃಷ್ಣನಿಗೆ ಅಳುವೇ ಬಂತು. ಐವತ್ತೆರಡನೇ ವಯಸ್ಸಿನಲ್ಲಿ ಮನುಷ್ಯ ಹೊಸದೊಂದನ್ನು ಕಲಿತಾಗ ಆಗುವ ಖುಷಿಗೆ ಹೆಸರಿಲ್ಲ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪಣದ ಹಿಂದಿನ ದಿನ ಮುನಿಕೃಷ್ಣ ತನ್ನ ಗಾಡಿಯನ್ನು ದಿಟ್ಟಿಸಿದ. ಬರೀ ಮರ! ಬಣ್ಣವಿಲ್ಲ! ಸಂಕ್ರಾಂತಿಗೆ ಎತ್ತಿನ ಕೊಂಬಿಗೂ ಬಣ್ಣ ಹಚ್ಚುತ್ತಾರೆ, ಚನ್ನಪಟ್ಟಣದ ಮೇಸ್ತ್ರಿ ಬೋಳು ಮರದ ಮೇಲೆ ಕೂತು ಮೆರವಣಿಗೆ ಹೋಗುವುದೇ? ಗಾಡಿಯನ್ನು ಪೂರ್ತಿ ಬಿಚ್ಚಿದ. ಕವೆಗೆ ಕೆಂಪು, ಸೀಟಿನ ಕಂಬಕ್ಕೆ ಹಸಿರು, ಕವೆಯ ತುದಿಯ ಗುಬ್ಬಿಗಳಿಗೆ ಹಳದಿ. ಕೈ ಅಲ್ಲಿಗೂ ನಿಲ್ಲಲಿಲ್ಲ. ಅಚ್ಚು ತಿರುಗುವ ತೂತುಗಳ ಒಳಗೂ ಅರಗು ಕರಗಿಸಿ ಹಚ್ಚಿ, ಗಾಜಿನಂತೆ ನುಣುಪು ಮಾಡಿದ.

ವರಲಕ್ಷ್ಮಮ್ಮ ಇಣುಕಿ ನೋಡಿದಳು. "ಅಚ್ಚಿಗೆ ಯಾರಾರ ಅರಗು ಹಚ್ತಾರೇನ್ರೀ? ಎಣ್ಣೆ ಬುಡಿ."

"ಅರಗಿನ ನುಣುಪಿನ ಮುಂದೆ ಎಣ್ಣೆ ಯಾವ ಲೆಕ್ಕ? ನಂಗೇ ಅರಗಿನ ಪಾಠ ಹೇಳಕ್ಕೆ ಬತ್ತಾಳೆ!"

ಮೂವತ್ತೈದು ವರ್ಷ ದಿನಾ ಲೇತಿನ ಮುಂದೆ ಕೂತವನಿಗೆ ಅರಗಿನ ಗುಣ ಗೊತ್ತಿಲ್ಲವೇ? ಮರ ತಿರುಗಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಅರಗು ಕರಗುತ್ತದೆ, ಆರಿದರೆ ಕಲ್ಲಾಗುತ್ತದೆ. ಈ ಕಸುಬಿನ ಅ ಆ ಇ ಈ ಇದು. ಗೊಂಬೆಗಾದರೆ ಗೊತ್ತಿತ್ತು. ತನ್ನ ಗಾಡಿಗೂ ಅದೇ ಕಾನೂನು ಎನ್ನುವುದು ಮಾತ್ರ ಆ ಹೊತ್ತಿಗೆ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಎಂಟಕ್ಕೆ ಕಲಾನಗರ ಬೀದಿಗಿಳಿದಿತ್ತು. ಸಾನಾ ಮೊಬೈಲು ಹಿಡಿದು ಸ್ಕೂಟರಿನಲ್ಲಿ ಸಿದ್ಧಳಾದಳು. ಮುನಿಕೃಷ್ಣ ಬಿಳಿ ಪಂಚೆಯನ್ನು ಕಚ್ಚೆ ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಸಾದಿಕ್‌ನ ಹೆಗಲನ್ನೇ ಹಿಡಿದು ಹತ್ತಿ ಹೊರಟ. ಏನು ಠೀವಿ! ಏನು ಸಮತೋಲ! ಕೆಂಪು ಹಸಿರು ಹಳದಿ ಬಿಸಿಲಿಗೆ ಝಗಝಗ ಹೊಳೆದವು. ಹೆಂಗಸರು ಬಾಗಿಲಿಗೆ ಬಂದರು, ನಾಯಿಗಳು ಬೊಗಳುವುದನ್ನು ಮರೆತವು. ಅರ್ಧ ದಾರಿಗೆ ಬರುವಷ್ಟರಲ್ಲಿ ಘಮ್ಮೆಂದು ಬಿಸಿ ಅರಗಿನ ವಾಸನೆ ಮೂಗಿಗೆ ಬಡಿಯಿತು. ಶೆಡ್ಡಿನದೇ ವಾಸನೆ! 'ಅಪ್ಪ ಮೇಲಿಂದ ಹರಸ್ತಾ ಅವ್ನೆ' ಎಂದುಕೊಂಡು ಮುನಿಕೃಷ್ಣ ಇನ್ನೂ ಜೋರಾಗಿ ತುಳಿದ.

ಗೇಟು ಕಂಡಿತು. ಅದೇ ಹೊತ್ತಿಗೆ ಟಣ್ ಟಣ್ ಗಂಟೆ ಬಾರಿಸಿ ಗೇಟು ಬಿತ್ತು. ಮೈಸೂರು ಕಡೆಯ ರೈಲು ಬರುವುದಿತ್ತು. ಮುನಿಕೃಷ್ಣ ಗೇಟಿನ ಕಂಬ ಮುಟ್ಟಿದ, ತಬ್ಬಿದ, ಗಾಡಿಯ ಮೇಲೇ ನಿಂತ. ಕಾಲು ನೆಲಕ್ಕೆ ತಾಗಲಿಲ್ಲ! ಬೋರಲಿಂಗಯ್ಯ ಟೀ ಅಂಗಡಿಯಿಂದಲೇ ಕೈಯೆತ್ತಿ ಸಾಕ್ಷಿ ಹೇಳಿದ. ಅಲ್ಲೇ ತಿರುಗಿಕೊಂಡು ವಾಪಸ್ ಹೋದರೆ ಆಗುತ್ತಿತ್ತು, ಆದರೆ ಅಷ್ಟರಲ್ಲಿ ಹಿಂದೆ ಎಳನೀರಿನ ಟೆಂಪೋ, ರೇಷ್ಮೆಗೂಡಿನ ಮೂಟೆ ಹೇರಿದ ಬೈಕುಗಳು, ಒಂದು ಮದುವೆ ವ್ಯಾನು ಒತ್ತಿಕೊಂಡು ನಿಂತವು. ತಿರುಗಲು ಅಂಗೈಯಗಲ ಜಾಗವಿರಲಿಲ್ಲ.

"ಯಾವ್ ಪಾರ್ಟಿ ಅಣ್ಣ?" ಎಂದು ಗೂಡಿನ ಮೂಟೆಯವನು ಕೇಳಿದ.

"ಯಾವ ಪಾರ್ಟೀನೂ ಅಲ್ಲ ಕಣಪ್ಪ."

"ಮತ್ತೆ ಪೆಟ್ರೋಲ್ ರೇಟಿಗೆ ಪ್ರತಿಭಟನೆನಾ? ಇಲ್ಲ ಹರಕೆಯಾ?"

ರೈಲು ಹತ್ತು ನಿಮಿಷ ತಡವಾಗಿ ಬಂತು, ಹೋಯಿತು. ಗೇಟು ಎದ್ದಿತು. ವಾಹನಗಳೆಲ್ಲ ಭರ್ರೆಂದು ಹೊರಟು ರಸ್ತೆ ಖಾಲಿಯಾಯಿತು. ಮುನಿಕೃಷ್ಣ ಜಯದ ನಗೆ ನಕ್ಕು ಪೆಡಲ್ಲು ತುಳಿದ.

ಗಾಲಿ ಅಲುಗಲಿಲ್ಲ!

ಇನ್ನೊಮ್ಮೆ ತುಳಿದ. ಜಪ್ಪಯ್ಯ ಅಂದರೂ ಇಲ್ಲ. ನಿಂತ ಹತ್ತು ನಿಮಿಷದಲ್ಲಿ ಅರಗು ಆರಿ, ಅಚ್ಚೂ ಕವೆಯೂ ಒಂದೇ ಗೊಂಬೆಯಾಗಿ ಹೋಗಿದ್ದವು. ಈಗ ಹೊಳೆಯಿತು ಅ ಆ ಇ ಈ! ಕಂಬ ಬಿಟ್ಟರೆ ಬೀಳುತ್ತಾನೆ. ಇಳಿದರೆ ಅಪ್ಪನ ಕಿಟಕಿ ಹೋಗುತ್ತದೆ. ಮುನಿಕೃಷ್ಣ ಕಂಬವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡ.

ಹಿಂದೆಯೇ ಬಂದಿದ್ದ ಸಾದಿಕ್ ಎದುರಿಗೆ ಬಂದು ಕೈ ಕಟ್ಟಿ ನಿಂತ. "ಕಾಲು ನೋಯ್ತಾ ಐತಾ ಭಾಯಿ? ಇಳಿ ಕಣ್ಲಾ. ನಾಳೆಯಿಂದ ಕಿಟಕಿ ತಾವ ನಾನೇ ಕೂತು, ನಿಂಗೆ ಗಾಳಿ ಬರೋ ಹಂಗೆ ಒಸಿ ವಾಲ್ಕೊಂತೀನಿ."

"ಇಳಿಯಲ್ಲ ಕಣ್ಲಾ! ಪ್ರಾಣ ಹೋದ್ರೂ ಇಳಿಯಲ್ಲ!"

ಆಗ ಜನರನ್ನು ಸರಿಸಿಕೊಂಡು ವರಲಕ್ಷ್ಮಮ್ಮ ಬಂದಳು. ಶೆಡ್ಡಿನಿಂದ ನಡೆದೇ ಬಂದಿದ್ದಳು. ಬಗ್ಗಿ ಕವೆಯ ಹತ್ತಿರ ಮೂಗು ಹಿಡಿದಳು, ಬೆರಳಿನಿಂದ ಅಚ್ಚು ಮುಟ್ಟಿದಳು, ಗಂಡನ ಮುಖ ನೋಡಿದಳು. 'ನಾನು ಹೇಳಿರ್ಲಿಲ್ವಾ' ಎಂಬ ಮಾತನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

"ಗೆದ್ರೆ ಕಿಟಕಿ ಯಾರ್ದು?" ಎಂದಳು.

"ಈಗ ಅದ್ಯಾಕೆ?"

"ಯಾರ್ದು ಹೇಳಿ. ಕಾಲು ನಡುಗ್ತಾ ಐತೆ ನಿಮ್ದು."

"ನಂ... ನಮ್ದು!"

"ನಮ್ದು ಅಂದ್ರೆ?"

"ನಿಂದೂ ಹೌದು ಕಣೇ! ನಿಂದೇ ಅಂತ ಇಟ್ಕೊ ಮಾರಾಯ್ತಿ, ಏನಾರ ಮಾಡು!"

"ಬೋರಲಿಂಗಣ್ಣ, ಕೇಳುಸ್ಕೊಂಡ್ರಾ?" ಎಂದು ಒಂದು ಮಾತು ಹಾಕಿ ವರಲಕ್ಷ್ಮಮ್ಮ ಸೀದಾ ಟೀ ಅಂಗಡಿಗೆ ಹೋದಳು. ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ಕೆಟಲ್ಲನ್ನು ಸೆರಗಿನಲ್ಲಿ ಹಿಡಿದು ತಂದಳು. "ಮೇಲಕ್ಕೆ ಎತ್ಕಳಿ ಕಾಲ್ನ" ಎಂದವಳೇ ಒಂದು ಕಡೆ ಅರ್ಧ, ಇನ್ನೊಂದು ಕಡೆ ಅರ್ಧ, ಅಚ್ಚಿನ ತೂತುಗಳಿಗೆ ಬಿಸಿ ಬಿಸಿ ಟೀ ಸುರಿದಳು!

ಹಬೆ ಎದ್ದಿತು. ಶುಂಠಿ, ಅರಗು ಎರಡೂ ಸೇರಿ ಘಮಘಮ ಎಂದಿತು. ಕಟಕ್ ಎಂದು ಒಂದು ಸದ್ದಾಗಿ ಗಾಲಿ ಅಲುಗಿತು.

"ಮೋಸ!" ಎಂದು ಸಾದಿಕ್ ಕೂಗಿದ. "ಇದು ಆಗಾಕಿಲ್ಲ!"

ಬೋರಲಿಂಗಯ್ಯ ಖಾಲಿ ಕೆಟಲ್ಲನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ. "ಕಾಲು ನೆಲಕ್ಕೆ ತಾಗ್ಬಾರ್ದು ಅಂತ ಐತೆ. ಟೀ ಹುಯ್ಬಾರ್ದು ಅಂತ ಎಲ್ಲೈತಪ್ಪ?"

"ನಿಲ್ಲುಸ್ಬೇಡಿ! ನಿಂತ್ರೆ ಮತ್ತೆ ಅಂಟ್ಕೊಂತದೆ!" ಎಂದು ವರಲಕ್ಷ್ಮಮ್ಮ ಬೆನ್ನಿಗೊಂದು ನೂಕು ಕೊಟ್ಟಳು.

ಆಮೇಲೆ ನಡೆದದ್ದನ್ನು ಕಲಾನಗರ ಇಂದಿಗೂ ಹೇಳಿಕೊಳ್ಳುತ್ತದೆ. ನಿಲ್ಲುವ ಹಾಗಿಲ್ಲ, ನಿಧಾನ ಮಾಡುವ ಹಾಗಿಲ್ಲ! ಮುನಿಕೃಷ್ಣ ಬಾಣ ಬಿಟ್ಟಂತೆ ಬಂದ. ಟೀ ತೊಟ್ಟಿಕ್ಕುವ ಗಾಲಿ, ಹಿಂದೆ ಹಾರುವ ಪಂಚೆಯ ಕಚ್ಚೆ, ಪಕ್ಕದಲ್ಲಿ ವೀಡಿಯೊ ಹಿಡಿದ ಸಾನಾಳ ಸ್ಕೂಟರು, ಕೂಗುವ ಜನ! ಮೊದಲ ಒಂಟಿ ಚಕ್ರ ಹತ್ತಿದ ಆ ಹೆಸರಿಲ್ಲದ ಪುಣ್ಯಾತ್ಮನಿಗೂ ಇಂಥ ಮೆರವಣಿಗೆ ಸಿಕ್ಕಿರಲಾರದು. ಮೂಲೆ ತಿರುಗಿ, ಬೇವಿನ ಮರ ದಾಟಿ, ಶೆಡ್ಡಿನ ಹೊಸ್ತಿಲು ದಾಟಿದವನಿಗೆ ಇಳಿಯುವ ದಾರಿ ಒಂದೇ ಉಳಿದಿತ್ತು. ಒಳಗೆ ಗುಡಿಸಿಟ್ಟ ಹೊಟ್ಟಿನ ರಾಶಿಗೆ ಗಾಡಿ ಸಮೇತ ನುಗ್ಗಿದ. ಹೊಟ್ಟಿನೊಳಗಿಂದ ಮೊದಲು ಹೊರಬಂದದ್ದು ಮೇಲೆತ್ತಿದ ಮುಷ್ಟಿ!

ಏದುಸಿರು ಬಿಡುತ್ತ ಬಂದ ಸಾದಿಕ್ ಅವನನ್ನು ಎಳೆದು ನಿಲ್ಲಿಸಿ, ಮೈಯ ಹೊಟ್ಟು ಕೊಡವಿ, ಎಲ್ಲರೆದುರು ಗಟ್ಟಿಯಾಗಿ ತಬ್ಬಿಕೊಂಡ. "ಒಪ್ದೆ ಉಸ್ತಾದ್! ದಾರ ಕಟ್ದೆ ಕೂತ್ಬುಟ್ಟೆ ಕಣ್ಲಾ!" ಎಂದ. ಗೆಳೆಯನ ಕಣ್ಣಲ್ಲಿ ನೀರು ಕಂಡು ಮುನಿಕೃಷ್ಣ ಹೊಟ್ಟು ಮೆತ್ತಿದ ಪಂಚೆಯ ತುದಿಯಿಂದಲೇ ಅದನ್ನು ಒರೆಸಿದ.

ಸೋಮವಾರ ಬೆಳಗ್ಗೆ ಮುನಿಕೃಷ್ಣ ಸ್ನಾನ ಮಾಡಿ, ಗೆದ್ದ ಸಿಂಹಾಸನ ಏರಲು ಶೆಡ್ಡಿಗೆ ಬಂದ. ಕಿಟಕಿ ಲೇತು ಆಗಲೇ ತಿರುಗುತ್ತಿತ್ತು. ಮುಖದ ಮೇಲೆ ಮೂಡಣದ ಬಿಸಿಲು ಬಿಟ್ಟುಕೊಂಡು ವರಲಕ್ಷ್ಮಮ್ಮ ಕೂತಿದ್ದಳು. ಕಿಟಕಿಯ ಸರಳಿಗೆ ಅವಳಪ್ಪ ಕೊಟ್ಟ ಸೈಕಲ್ಲಿನ ಹಿಂದಿನ ಚಕ್ರ ನೇತಾಡುತ್ತಿತ್ತು, ಅದರ ಕಡ್ಡಿಗಳ ಮೇಲೆ ಬಣ್ಣದ ಮಣಿಸರಗಳು ಒಣಗುತ್ತಿದ್ದವು.

"ಏನೇ ಇದು?"

"ನಿಂದೇ ಅಂತ ಇಟ್ಕೊ ಅಂದ್ರಲ್ಲ, ಇಟ್ಕೊಂಡೆ. ಬೋರಲಿಂಗಣ್ಣನ್ನ ಕರೀಲಾ?"

ಸಾದಿಕ್ ತನ್ನ ಲೇತಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ. ಅಷ್ಟರಲ್ಲಿ ಸಾನಾ ಓಡಿ ಬಂದಳು. "ಅಂಕಲ್, ವೀಡಿಯೊ ನೋಡಿ ಪುಣೆಯೋರು ಹುಚ್ಚಾಗವ್ರೆ! ಆರ್ಡರು ಡಬಲ್! ಆದ್ರೆ ಒಂದೇ ಬದಲಾವಣೆ. ಒಂಟಿ ಚಕ್ರದ ಸವಾರನ ಹಿಂದೆ ಕೆಟಲ್ ಹಿಡ್ಕೊಂಡಿರೋ ಅಮ್ಮನೂ ಬೇಕೇಬೇಕಂತೆ. ಅಮ್ಮ ಇದ್ರೇನೆ ಗೊಂಬೆ ಬೀಳಲ್ವಂತೆ!"

ನೋಡಿದರೆ ನಿಜ. ಹಿಂದೆ ಒಂದು ಹೆಂಗಸಿನ ಗೊಂಬೆ ಜೋಡಿಸಿದ್ದೇ ತಡ, ಸವಾರ ನೆಟ್ಟಗೆ ನಿಂತ. ಒಂಟಿ ಚಕ್ರದ ಇತಿಹಾಸದ ಈ ಕೊನೆಯ ಸಂಶೋಧನೆ ಯಾವ ಪುಸ್ತಕದಲ್ಲೂ ಬರೆದಿಲ್ಲ!

ಅಮ್ಮನ ಗೊಂಬೆಗಳನ್ನು ವರಲಕ್ಷ್ಮಮ್ಮ ಕಿಟಕಿಯಲ್ಲಿ ಕಡೆದಳು. ಪುಟ್ಟ ಪುಟ್ಟ ಕೆಟಲ್ಲುಗಳ ಕೆಲಸ ಹಿಂದಿನ ಮೂಲೆಗೆ, ಅಂದರೆ ಉಸ್ತಾದ್ ಮುನಿಕೃಷ್ಣನ ಪಾಲಿಗೆ ಬಂತು. ಟ್ಯೂಬ್‌ಲೈಟು ಒಂದು ಸಲ ಕಣ್ಣು ಹೊಡೆಯಿತು. ಆತ ಅರಗಿನ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಕೊನೆಗೆ ಸೋತು ಕೂಗಿದ.

"ಲೇ ಇವ್ಳೇ, ಇದು ಹಳದಿನಾ ಕಿತ್ಲೆನಾ? ಇಲ್ಲಿ ಒಂದೂ ಕಾಣಕ್ಕಿಲ್ಲ ಕಣೇ!"

ಬಿಸಿಲಿನ ಕಡೆಯಿಂದ, ಲೇತಿನ ಸದ್ದಿನ ನಡುವೆ, ತಣ್ಣಗೆ ಉತ್ತರ ಬಂತು.

"ಹಿಂದಿನ ಕೆಲ್ಸಕ್ಕೆ ಬೆಳಕ್ಯಾಕ್ರೀ?"